ಒಂದೇ ಹೆಜ್ಜೆಯ ಪ್ಯಾದೆ

ನಮ್ಮ ಆಳಂದ ಸೀಮೆಯಲ್ಲಿ ಚದುರಂಗದಾಟಕ್ಕೆ ಮೂರು ಹೆಸರುಗಳನ್ನು ಕೇಳುತ್ತ ನಾವು ಬೆಳೆದೆವು. ಶಾಲೆಯ ಪುಸ್ತಕದಲ್ಲಿ ಅದು ಚದುರಂಗ. ಉಮರ್ಗಾ, ಸೊಲ್ಲಾಪುರಗಳ ಕಡೆಯ ಬೀಗರು ಬಂದರೆ ಬುದ್ಧಿಬಲ. ದರ್ಗಾದ ಓಣಿಯಿಂದ ನಮ್ಮ ತೀರ್ಥರೂಪರೊಡನೆ ಆಡಲು ಬರುತ್ತಿದ್ದ ಉರ್ದು ಶಾಲೆಯ ಗುರುಗಳ ಬಾಯಲ್ಲಿ ಅದೇ ಶತರಂಜ್. ಹೆಸರು ಮೂರಾದರೂ ನಮ್ಮ ಪಡಸಾಲೆಯಲ್ಲಿ ಹಾಸು ಒಂದೇ ಇತ್ತು. ಕೆಂಪು ಅರಿವೆಯ ಮೇಲೆ ಬಿಳಿಯ ದಾರದಿಂದ ಅರವತ್ತನಾಲ್ಕು ಮನೆಗಳನ್ನು ನಮ್ಮ ತಾಯಿಯವರು ಹೊಲಿದುಕೊಟ್ಟಿದ್ದರು. ಇಂದಿನ ಹಲಗೆಗಳಲ್ಲಿರುವ ಕಪ್ಪು ಮನೆ, ಬಿಳಿ ಮನೆಗಳ ಭೇದ ಅದರಲ್ಲಿರಲಿಲ್ಲ.

ತೀರ್ಥರೂಪರು ಸಾಯಂಕಾಲದ ಪೂಜೆ ಮುಗಿಸಿ ಹಾಸು ಬಿಚ್ಚಿದರೆಂದರೆ ನಾವು ಮತ್ತು ನಮ್ಮ ತಮ್ಮ ಎರಡೂ ಬದಿಗೆ ಕುಳಿತುಕೊಳ್ಳುತ್ತಿದ್ದೆವು. ಮಾತನಾಡುವಂತಿರಲಿಲ್ಲ. ನೋಡಿ ಕಲಿಯಬೇಕು. ಅವರದು ದೇಶಿ ಆಟ. ಅದರಲ್ಲಿ ಪ್ಯಾದೆಯು ಮೊದಲ ನಡೆಯಲ್ಲಿಯೂ ಎರಡು ಹೆಜ್ಜೆ ಇಡುವಂತಿಲ್ಲ, ಯಾವಾಗಲೂ ಒಂದೇ. ಇಂದಿನ ಆಟದಲ್ಲಿ ರಾಜನೂ ಆನೆಯೂ ಒಟ್ಟಿಗೆ ಸರಿದು ಕೋಟೆ ಕಟ್ಟುತ್ತಾರಷ್ಟೆ. ದೇಶಿ ಆಟದಲ್ಲಿ ಕೋಟೆಯೆಂಬುದಿಲ್ಲ. ಅದರ ಬದಲು ರಾಜನಿಗೆ ಇನ್ನೂ ಶಹ ಬಿದ್ದಿರದಿದ್ದರೆ, ಒಂದೇ ಒಂದು ಸಲ ಕುದುರೆಯಂತೆ ನೆಗೆಯುವ ಅಧಿಕಾರವುಂಟು. ಕೊನೆಯ ಮನೆ ಮುಟ್ಟಿದ ಪ್ಯಾದೆಯು ತಾನು ಯಾರ ಸಾಲಿನಲ್ಲಿ ಮುಟ್ಟಿತೋ ಅವರ ಪದವಿಯನ್ನು ಪಡೆಯುತ್ತದೆಯೇ ಹೊರತು, ಬೇಕೆಂದಾಗ ಮಂತ್ರಿಯಾಗಲಾರದು. ಊರಿಂದೂರಿಗೆ ಈ ನಿಯಮಗಳು ಅಷ್ಟಿಷ್ಟು ಬದಲಾಗುತ್ತಿದ್ದವು. ಆಟಕ್ಕೆ ಮೊದಲು ಅವುಗಳನ್ನು ಇತ್ಯರ್ಥಮಾಡಿಕೊಳ್ಳದೆ ಕುಳಿತವರು ಜಗಳವಾಡಿ ಎದ್ದುದನ್ನೂ ನಾವು ಕಂಡಿದ್ದೇವೆ.

ಆರಂಭದ ನಡೆಗಳ ವಿಷಯದಲ್ಲಿ ತೀರ್ಥರೂಪರಿಗೆ ಎರಡೇ ಮಾತುಗಳಿದ್ದವು. "ಪ್ಯಾದಿ ಹಿಂದಕ್ಕ ಬರಂಗಿಲ್ಲ, ಅದಕ್ಕೇ ಒಂದೊಂದೇ ಹೆಜ್ಜಿ ಇಡು" ಎಂಬುದು ಒಂದು. "ಒಂಟಿ ಹೊರಗ ಬಿಡೋ ಮೊದಲು ಅದಕ್ಕ ತಿರುಗಿ ಬರೋ ಮನಿ ಮಾಡು" ಎಂಬುದು ಮತ್ತೊಂದು. ನಾವು ಮುಂದೆ ಶಿಕ್ಷಕ ವೃತ್ತಿ ಹಿಡಿದು, ಅಂತರರಾಷ್ಟ್ರೀಯ ನಿಯಮಗಳನ್ನು ಪುಸ್ತಕದಿಂದ ಕಲಿತು, ಮಕ್ಕಳಿಗೂ ಕಲಿಸಿದೆವು. ಆದರೆ ಕೈ ಮಾತ್ರ ಮೊದಲು ಕಲಿತದ್ದನ್ನು ಬಿಡಲಿಲ್ಲ.

ಈ ಒಂದು ಹೆಜ್ಜೆಯ ಪ್ಯಾದೆ ಜಗತ್ತಿನ ಚದುರಂಗದಲ್ಲಿ ಭಾರತದ ಹೆಸರನ್ನು ಉಳಿಸಿದೆಯೆಂಬ ಸಂಗತಿ ನಮಗೆ ತಡವಾಗಿ ತಿಳಿಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕಲಕತ್ತೆಯಲ್ಲಿದ್ದ ಜಾನ್ ಕಾಕ್ರೇನ್ ಎಂಬ ವಕೀಲರು ಆ ಕಾಲದ ಪ್ರಬಲ ಆಟಗಾರರಲ್ಲೊಬ್ಬರು. ಅವರಿಗೆ ಸರಿಸಮನಾಗಿ ಕುಳಿತವರು ಬಂಗಾಳದ ಹಳ್ಳಿಗಾಡಿನ ಮಹೇಶಚಂದ್ರ ಬಂದ್ಯೋಪಾಧ್ಯಾಯರು. ಇವರು ದೇಶಿ ಆಟದಲ್ಲಿ ಪಳಗಿದವರಾದ್ದರಿಂದ ನಡುವಿನ ಮನೆಗಳಿಗೆ ಪ್ಯಾದೆಗಳನ್ನು ಓಡಿಸದೆ, ಕುದುರೆಯ ಬದಿಯ ಪ್ಯಾದೆಯನ್ನು ಒಂದು ಹೆಜ್ಜೆ ಸರಿಸಿ, ಅದರ ಹಿಂದೆ ಒಂಟೆಯನ್ನು ನಿಲ್ಲಿಸಿ, ಎದುರಾಳಿ ಕಟ್ಟಿದ್ದನ್ನು ದೂರದಿಂದ ಕೆಡವುತ್ತಿದ್ದರು. ಇಂದು ಲೋಕದ ಎಲ್ಲ ಪುಸ್ತಕಗಳಲ್ಲಿ ಇಂಡಿಯನ್ ಡಿಫೆನ್ಸ್ ಎಂದು ಕರೆಯುವ ಆರಂಭಗಳ ಹೆಸರಿನ ಮೂಲ ಇಲ್ಲಿದೆ. ಆಸ್ಟ್ರಿಯದ ಎರ್ನ್ಸ್ಟ್ ಗ್ರ್ಯುನ್‌ಫೆಲ್ಡ್ 1922ರಲ್ಲಿ ಆಡಿ ತಮ್ಮ ಹೆಸರು ಪಡೆದ ಆರಂಭವನ್ನು ಮಹೇಶಚಂದ್ರರು 1855ರಲ್ಲಿಯೇ ಕಾಕ್ರೇನರ ಎದುರು ಆಡಿದ್ದರು. ಹೆಸರು ಮಾತ್ರ ಆಸ್ಟ್ರಿಯದವರಿಗೆ ಸಂದಿತು.

ಪಂಜಾಬಿನ ಮೀರ್ ಸುಲ್ತಾನ್ ಖಾನರ ಕಥೆಯೂ ಇದೇ ಜಾತಿಯದು. ಅವರೂ ತಂದೆಯಿಂದ ದೇಶಿ ಆಟ ಕಲಿತವರು. ಜಮೀನುದಾರರೊಬ್ಬರ ಪರಿವಾರದೊಡನೆ ವಿಲಾಯತಿಗೆ ಹೋಗಿ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಾಪಾಬ್ಲಾಂಕಾರಂಥ ಮಾಜಿ ವಿಶ್ವವಿಜೇತರನ್ನು ಸೋಲಿಸಿದರು. ಆರಂಭದ ನಡೆಗಳ ಪುಸ್ತಕಜ್ಞಾನ ಅವರಿಗೆ ಇರಲೇ ಇಲ್ಲವೆಂದು ಸಮಕಾಲೀನರು ಆಶ್ಚರ್ಯಪಡುತ್ತಿದ್ದರು. ಊರಿಗೆ ಮರಳಿ ಹೊಲಮನೆ ನೋಡಿಕೊಂಡಿದ್ದು 1966ರಲ್ಲಿ ತೀರಿಕೊಂಡರು. ವಿಶ್ವ ಚದುರಂಗ ಸಂಸ್ಥೆಯು ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟದ್ದು 2024ರಲ್ಲಿ. ನಮ್ಮ ಸೀಮೆಯವರಿಗೆ ಇನ್ನೊಂದು ಅಭಿಮಾನದ ಮಾತು. ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿಯೂ ಚದುರಂಗದ ವಿಚಾರ ಬರುತ್ತದೆ.

ಇಷ್ಟೆಲ್ಲ ಪೀಠಿಕೆ ಹಾಕಲು ಕಾರಣ, ಕಳೆದ 2025ರ ಜನವರಿಯಲ್ಲಿ ಜೇವರ್ಗಿಯಲ್ಲಿ ನಾವು ಆಡಿದ ಒಂದು ಆಟ. ಅದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಸಂಗತಿಯನ್ನು ಓದುಗರ ಮುಂದೆ ಇಡಬೇಕಾಗಿದೆ. ಅದು ನಮಗೆ ಭೂಷಣವಾದ ಸಂಗತಿಯಲ್ಲ.

ತೀರ್ಥರೂಪರು ಲಿಂಗೈಕ್ಯರಾದ ಬಳಿಕ ಆಸ್ತಿ ಹಂಚಿಕೆಯಾಯಿತು. ತಮ್ಮನು ಮಡದಿಯ ಊರಾದ ಅಫಜಲಪುರದ ಕಡೆಗೆ ಹೋಗಿ ನೆಲೆಸಿದ್ದನು. ಆಳಂದದ ಹೊಲಗಳಲ್ಲಿ ಬಾವಿ ಇದ್ದ ಎರಡು ಎಕರೆಯನ್ನು ಒಡೆಯುವುದು ಸಾಧ್ಯವಿರಲಿಲ್ಲ. ಅದು ತನಗೇ ಬೇಕೆಂದು ತಮ್ಮನು ಹಟ ಹಿಡಿದನು. ಆ ಬಾವಿಯನ್ನು ತೋಡುವಾಗ ತೀರ್ಥರೂಪರೊಡನೆ ಮಣ್ಣು ಹೊತ್ತವನು ಅವನು, ನಾವಾಗ ಕಲಬುರಗಿಯಲ್ಲಿ ಓದುತ್ತಿದ್ದೆವು. ಹಿರಿಯರು ಕುಳಿತು ಕಾಗದ ಮಾಡಿದರು. 2017ರ ಯುಗಾದಿಯ ಪಾಡ್ಯದೊಳಗೆ ತಮ್ಮನು ನಮ್ಮ ಪಾಲಿನ ಹಣ ಕೊಟ್ಟರೆ ಬಾವಿಯ ಹೊಲ ಅವನದು, ಇಲ್ಲವಾದರೆ ನಮ್ಮದು.

ಆ ವರ್ಷ ತೊಗರಿ ಎಂದೂ ಇಲ್ಲದಂತೆ ಬೆಳೆದು ಬೆಲೆ ನೆಲಕಚ್ಚಿದ್ದು ನಮ್ಮ ಜಿಲ್ಲೆಯ ಒಕ್ಕಲು ಮನೆಗಳಾವುವೂ ಮರೆತಿರಲಾರವು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ಪೇಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಖರೀದಿ ಕೇಂದ್ರಗಳ ಮುಂದೆ ಚೀಲ ಹೊತ್ತ ಗಾಡಿಗಳು ಸಾಲುಗಟ್ಟಿ ನಿಂತವು. ತಮ್ಮನ ತೊಗರಿಯೂ ಅಲ್ಲಿಯೇ ಇತ್ತು. ಹಣ ಅವನ ಕೈಗೆ ಬರುವುದು ತಡವಾಯಿತು. ಯುಗಾದಿ ಕಳೆದ ಮೂರನೆಯ ದಿನ ಬೆಳಿಗ್ಗೆ ಅವನು ಬಸ್ಸಿಳಿದು ಬಂದು, "ರೊಕ್ಕ ತಂದೀನಿ, ಅಣ್ಣಾ" ಎಂದನು. ನಾವು ಪೆಟ್ಟಿಗೆಯಿಂದ ಕಾಗದ ತೆಗೆದು ಅವನ ಮುಂದೆ ಹಿಡಿದು, "ತಾರೀಖು ದಾಟಿ ಹೋಗ್ಯದ" ಎಂದೆವು. ಇಷ್ಟೇ ನಾವು ಆಡಿದ ಮಾತು. ಮನೆಯಾಕೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವನು ನೀರು ಮುಟ್ಟದೆ ಹೋದನು. ಆ ಬಳಿಕ ಏಳು ವರ್ಷ ಮೀರಿ ಅಣ್ಣ-ತಮ್ಮಂದಿರ ನಡುವೆ ಮಾತಿರಲಿಲ್ಲ. ಮದುವೆ, ಮುಂಜಿ, ಮರಣಗಳಲ್ಲಿ ಎದುರಾದರೆ ಒಬ್ಬರು ಇತ್ತ ಹೊರಳಿದರೆ ಇನ್ನೊಬ್ಬರು ಅತ್ತ. ಕಾಗದ ನಮ್ಮ ಪರವಾಗಿತ್ತು, ಹಿರಿಯರೂ ಬಾಯಿಬಿಡಲಿಲ್ಲ. ಆದರೂ ಬಾವಿಯ ಹೊಲಕ್ಕೆ ಹೋದಾಗಲೆಲ್ಲ ನಾವು ಬೇಗ ಮರಳಿ ಬರುತ್ತಿದ್ದೆವು ಎಂಬುದನ್ನು ಮನೆಯಾಕೆ ಮಾತ್ರ ಬಲ್ಲರು.

ನಮ್ಮ ತಂಗಿಯನ್ನು ಜೇವರ್ಗಿಗೆ ಕೊಟ್ಟಿದೆ. 2024ರ ಡಿಸೆಂಬರಿನಲ್ಲಿ ಚೆನ್ನೈಯ ಗುಕೇಶ್ ಎಂಬ ಹದಿನೆಂಟರ ಹುಡುಗ ಸಿಂಗಾಪುರದಲ್ಲಿ ವಿಶ್ವವಿಜೇತನಾದ ಮೇಲೆ ಊರೂರಿನಲ್ಲಿ ಚದುರಂಗದ ಗಾಳಿ ಬೀಸಿತಷ್ಟೆ. ಸೋದರಳಿಯನು ಗೆಳೆಯರೊಡನೆ ಕೂಡಿ ಸಂಕ್ರಾಂತಿಯ ಮುಗಿವಿಗೆ ಹವ್ಯಾಸಿಗಳ ಒಂದು ಪಂದ್ಯಾವಳಿ ಇಟ್ಟುಕೊಂಡಿದ್ದನು. ಹಿರಿಯ ಮಾವನನ್ನು ಕರೆದನು, ಕಿರಿಯ ಮಾವನನ್ನೂ ಕರೆದನು. ಒಬ್ಬರನ್ನು ಕರೆದುದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ತಾಯಿಯ ಮಾತು ಕೇಳಿ ಹಾಗೆ ಮಾಡಿದನೋ ಏನೋ, ಈವರೆಗೆ ಬಾಯಿಬಿಟ್ಟಿಲ್ಲ. ಆಳಂದದಿಂದ ಕಲಬುರಗಿ, ಅಲ್ಲಿಂದ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ನಾವು ಜೇವರ್ಗಿ ಮುಟ್ಟಿದಾಗ ಹತ್ತು ಗಂಟೆ. ಅಫಜಲಪುರ ಸೀಮೆಯನ್ನು ಹಾಯ್ದು ಬರುವ ನೀರೇ ಅದು ಎಂಬ ನೆನಪು ಸೇತುವೆಯ ಮೇಲೆ ಬಂದು ಹೋಯಿತು.

ಶಾಲೆಯೊಂದರ ಸಭಾಂಗಣ, ಬೆಂಚುಗಳ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಗಳು, ಒಟ್ಟು ಐದು ಸುತ್ತು. ರ‍್ಯಾಪಿಡ್ ಎನ್ನುವ ಈ ಬಗೆಯ ಆಟದಲ್ಲಿ ಒಬ್ಬೊಬ್ಬರಿಗೆ ಹತ್ತು ನಿಮಿಷಕ್ಕೆ ಮೇಲೆ, ಒಂದು ಗಂಟೆಗೆ ಒಳಗೆ ಸಮಯವಿರಬೇಕೆಂದು ನಿಯಮ. ಇಲ್ಲಿ ಹದಿನೈದು ನಿಮಿಷ ಕೊಟ್ಟು, ಪ್ರತಿ ನಡೆಗೆ ಐದು ಸೆಕೆಂಡು ಕೂಡಿಸುವ ವ್ಯವಸ್ಥೆಯಿತ್ತು. ಶಾಲೆಯ ಮಕ್ಕಳೇ ಬಹಳ. ಅವರ ಆರಂಭದ ನಡೆಗಳು ಮಗ್ಗಿಯಂತೆ ಬರುತ್ತವೆ, ಮೊಬೈಲಿನಲ್ಲಿ ಕಲಿತದ್ದು. ಹತ್ತು ಹನ್ನೆರಡು ನಡೆ ಚಕಚಕನೆ ಆಡಿ, ಮಗ್ಗಿ ಮುಗಿದ ಜಾಗದಲ್ಲಿ ಸಂತೆಯಲ್ಲಿ ತಾಯಿಯ ಕೈ ತಪ್ಪಿದ ಕೂಸಿನಂತೆ ನೋಡುತ್ತಾರೆ. ಅಂಥ ಒಬ್ಬ ಹುಡುಗನನ್ನು ನಾವು ಗೆದ್ದೆವು, ಅಂಥದೇ ಒಬ್ಬ ಹುಡುಗಿ ನಮ್ಮನ್ನು ಗೆದ್ದಳು. ಎರಡು ಸುತ್ತಿಗೆ ಒಂದು ಅಂಕ. ಈ ಪದ್ಧತಿಯಲ್ಲಿ ಸಮಾನ ಅಂಕದವರನ್ನು ಎದುರುಬದುರು ಕೂರಿಸುತ್ತಾರೆ. ಮೂರನೆಯ ಸುತ್ತಿನ ಪಟ್ಟಿ ಗೋಡೆಗೆ ಹತ್ತಿದಾಗ ನಮ್ಮ ಹೆಸರಿನ ಎದುರು ಒಡಹುಟ್ಟಿದವನ ಹೆಸರಿತ್ತು. ಅವನನ್ನು ನಾವು ಸಭಾಂಗಣದ ಆಚೆ ಕೊನೆಯಲ್ಲಿ ಬೆಳಿಗ್ಗೆಯೇ ಕಂಡಿದ್ದೆವು, ಕಾಣದವರಂತಿದ್ದೆವು.

ಎದ್ದು ಹೋಗುವ ಮನಸ್ಸಾಯಿತು. ಅರವತ್ತು ದಾಟಿದ ಇಬ್ಬರು ಮಕ್ಕಳ ಮುಂದೆ ಆಡದೆ ಎದ್ದುಹೋದರೆಂಬ ನಾಚಿಕೆಯೇ ನಮ್ಮನ್ನು ಕೂರಿಸಿತು. ಆಟಕ್ಕೆ ಮೊದಲು ಕೈಕುಲುಕುವುದು ಪದ್ಧತಿ. ಅವನು ಕೈ ಚಾಚಿದನು, ನಾವು ಮುಟ್ಟಿದೆವು. ಕೈ ಒರಟಾಗಿತ್ತು, ತೀರ್ಥರೂಪರ ಕೈಯಂತೆ.

ಬಿಳಿಯ ಕಾಯಿ ಅವನದು. ಮಂತ್ರಿಯ ಮುಂದಿನ ಪ್ಯಾದೆಯನ್ನು ಎರಡು ಹೆಜ್ಜೆ ಇಟ್ಟನು. ಇವನೂ ಹೊಸ ಕಾಲದವನಾಗಿದ್ದಾನೆ ಎಂದುಕೊಂಡೆವು. ನಾವು ರಾಜನ ಬದಿಯ ಕುದುರೆಯನ್ನು ಹೊರಗೆ ತಂದೆವು. ಅವನು ಮಂತ್ರಿಯ ಬದಿಯ ಒಂಟೆಯನ್ನು ನಾಲ್ಕನೆಯ ಸಾಲಿಗೆ ತಂದು ನಿಲ್ಲಿಸಿದನು. ಇದು ಲಂಡನ್ ಪದ್ಧತಿ ಎಂಬ ಆರಂಭ. 1922ರ ಲಂಡನ್ ಪಂದ್ಯಾವಳಿಯಿಂದ ಆ ಹೆಸರು. ಕಂಠಪಾಠ ಕಡಿಮೆ, ಎದುರಾಳಿ ಏನೇ ಆಡಿದರೂ ನಮ್ಮ ಮನೆ ನಾವು ಕಟ್ಟಿಕೊಳ್ಳಬಹುದು ಎಂಬ ಕಾರಣಕ್ಕೆ ಹವ್ಯಾಸಿಗಳಿಗೆ ಈಗ ಅಚ್ಚುಮೆಚ್ಚು. ಮಗಳು ಮೊಬೈಲಿನಲ್ಲಿ ತೋರಿಸಿಕೊಟ್ಟದ್ದೆಂದು ಬಳಿಕ ತಿಳಿಯಿತು. ನಾವು ಕುದುರೆಯ ಸಾಲಿನ ಪ್ಯಾದೆಯನ್ನು ಒಂದು ಹೆಜ್ಜೆ ಸರಿಸಿ, ಅದರ ಹಿಂದೆ ಒಂಟೆಯನ್ನು ಕೂರಿಸಿದೆವು. ಆ ನಡುವೆ ಅವನು ರಾಜನ ಪ್ಯಾದೆಯನ್ನು ಒಂದು ಹೆಜ್ಜೆ ಸರಿಸಿ, ಕುದುರೆಯನ್ನು ತಂದನು. ನಾವು ಮಂತ್ರಿಯ ಪ್ಯಾದೆಯನ್ನು ಒಂದು ಹೆಜ್ಜೆ ಇಟ್ಟೆವು.

ಐದನೆಯ ನಡೆಗೆ ಅವನು ತಡಮಾಡಿದನು. ಎಡಗೈಯನ್ನು ಗದ್ದಕ್ಕೆ ಆನಿಸಿ ಕುಳಿತ ಆ ಭಂಗಿಯನ್ನು ನಾವು ನೋಡಬಾರದಿತ್ತು. ಪಡಸಾಲೆಯ ಕಂಬಕ್ಕೆ ಒರಗಿದವರ ಭಂಗಿ ಅದು. ಒಂದು ನಿಮಿಷ ಕಳೆದ ಮೇಲೆ, ರಾಜನ ಬದಿಯ ಆನೆಯ ಮುಂದಿನ ಪ್ಯಾದೆಯನ್ನು ಒಂದೇ ಒಂದು ಹೆಜ್ಜೆ ಮುಂದಿಟ್ಟನು. ನೋಡುವವರಿಗೆ ಅದು ಕೆಲಸವಿಲ್ಲದ ನಡೆ. ಆ ಒಂದು ಹೆಜ್ಜೆಯಿಂದ ಅದರ ಹಿಂದಿನ ಮನೆ ಬರಿದಾಗುತ್ತದೆ. ಮುಂದೆ ನಿಂತಿರುವ ಒಂಟೆಯನ್ನು ಯಾರಾದರೂ ಅಟ್ಟಿದರೆ ಓರೆಯಾಗಿ ಜಾರಿ ಆ ಮನೆಯಲ್ಲಿ ಅಡಗಿಕೊಳ್ಳಬಹುದು. ಒಂಟೆಗೆ ತಿರುಗಿ ಬರುವ ಮನೆ! ಲಂಡನ್ ಪದ್ಧತಿಯ ಪುಸ್ತಕಗಳಲ್ಲಿಯೂ ಈ ನಡೆ ಇದೆ, ನಾವು ಬಲ್ಲೆವು. ಆದರೆ ಅವನು ಅದನ್ನು ಪುಸ್ತಕದಿಂದ ಆಡಲಿಲ್ಲ. ಪ್ಯಾದೆಯನ್ನು ಇಟ್ಟ ಮೇಲೆ ಬೆರಳಿನಿಂದ ಅದರ ನೆತ್ತಿಯನ್ನು ಒಮ್ಮೆ ಒತ್ತಿದನು. ಹಾಸಿನ ಬಟ್ಟೆ ಸುಕ್ಕಾಗಿ ಕಾಯಿಗಳು ಉರುಳುತ್ತಿದ್ದ ಮನೆಯಲ್ಲಿ ಕಲಿತವರಿಗೆ ಮಾತ್ರ ಬರುವ ಅಭ್ಯಾಸ ಅದು. ನಮಗೂ ಇದೆ.

ನಾವು ಕೋಟೆ ಕಟ್ಟಿದೆವು. ಅವನು ಉಳಿದ ಒಂಟೆಯನ್ನು ರಾಜನ ಮುಂದೆ ತಂದು ತಾನೂ ಕೋಟೆ ಕಟ್ಟಿ, ಮಂತ್ರಿಯ ಬದಿಯ ಇನ್ನೊಂದು ಪ್ಯಾದೆಯನ್ನು ಒಂದು ಹೆಜ್ಜೆ ಸರಿಸಿದನು. ನಾವು ಎರಡನೆಯ ಕುದುರೆಯನ್ನು ಮಂತ್ರಿಯ ಮುಂದೆ ನಿಲ್ಲಿಸಿ, ಮಂತ್ರಿಯನ್ನು ರಾಜನ ಹಳೆಯ ಮನೆಗೆ ಸರಿಸಿದೆವು. ಎಣಿಸಿ ನೋಡಿದರೆ ಹಲಗೆಯ ಮೇಲೆ ಆರು ಪ್ಯಾದೆಗಳು ಕದಲಿದ್ದವು. ಐದು ಒಂದೊಂದೇ ಹೆಜ್ಜೆ ಇಟ್ಟಿದ್ದವು. ಲಂಡನ್ ಎನ್ನಲಿ, ಇಂಡಿಯನ್ ಎನ್ನಲಿ, ಎದುರುಬದುರು ಕಟ್ಟಿದ್ದು ಆಳಂದದ ಒಂದೇ ಪಡಸಾಲೆಯ ಎರಡು ಗೋಡೆಗಳು.

ಮುಂದಿನ ನಡೆಯಲ್ಲಿ ನಾವು ರಾಜನ ಪ್ಯಾದೆಯನ್ನು ಎರಡು ಹೆಜ್ಜೆ ಇಟ್ಟು ಅವನ ಒಂಟೆಯನ್ನು ಅಟ್ಟಿದೆವು. ಅವನು ತಲೆಯೆತ್ತಿ ನಮ್ಮನ್ನು ನೋಡಿದನು. ಏಳು ವರ್ಷಗಳಲ್ಲಿ ಮೊದಲ ಸಲ ಮುಖ ನೋಡಿದ್ದು. ಬಳಿಕ ಒಂಟೆಯನ್ನು ತಾನು ಮಾಡಿಟ್ಟ ಮನೆಗೆ ಕಳುಹಿಸಿದನು.

ನಡುವಿನ ಆಟವನ್ನು ವಿವರಿಸುವುದರಲ್ಲಿ ಪ್ರಯೋಜನವಿಲ್ಲ. ಇಬ್ಬರೂ ತಪ್ಪಿದೆವು, ನಾವು ಹೆಚ್ಚು ತಪ್ಪಿದೆವು. ಕೊನೆಗೆ ಅವನಿಗೆ ಒಂದು ಆನೆ, ಮೂರು ಪ್ಯಾದೆ. ನಮಗೆ ಒಂದು ಆನೆ, ಎರಡು ಪ್ಯಾದೆ. ಆಟ ಅವನದು. ಆದರೆ ಗಡಿಯಾರ ನಮ್ಮದು. ಅವನು ಪ್ರತಿ ನಡೆಗೂ ಗದ್ದಕ್ಕೆ ಕೈಯಾನಿಸಿ ಕುಳಿತದ್ದರ ಫಲವಾಗಿ ಸಮಯ ಸೆಕೆಂಡುಗಳಿಗೆ ಇಳಿದಿತ್ತು. ಆನೆಯನ್ನು ಎಲ್ಲಿಡಲೆಂದು ಅವನು ಹಲಗೆಯನ್ನೇ ನೋಡುತ್ತಿದ್ದಾಗ ಅವನ ಗಡಿಯಾರ ಸೊನ್ನೆ ತೋರಿಸಿತು. ಅವನು ಕಾಣಲಿಲ್ಲ. ನಾವು ಕಂಡೆವು.

ಆಟಗಾರನು ಕೈಯೆತ್ತಿ ಹೇಳಿದರೆ ಸಾಕು, ಗೆಲವು ದಾಖಲಾಗುತ್ತದೆ. ನಮ್ಮ ಕೈ ಏಳಲಿಲ್ಲ. ಇದನ್ನು ನಮ್ಮ ಔದಾರ್ಯವೆಂದು ಓದುಗರು ತಿಳಿಯಬಾರದು. 'ಬೇಡ, ಸಮ ಮಾಡೋಣ' ಎಂದು ಹೇಳುವ ಬಾಯಿಯೂ ಬರಲಿಲ್ಲ. ಪೆಟ್ಟಿಗೆಯಿಂದ ಕಾಗದ ತೆಗೆದ ಬೆಳಗು ಕಣ್ಣ ಮುಂದೆ ಬಂದು ಕುಳಿತಲ್ಲಿಯೇ ಕುಳಿತೆವು. ಅಷ್ಟರಲ್ಲಿ ಆ ಸಾಲಿನಲ್ಲಿ ನಡೆದು ಬಂದ ತೀರ್ಪುಗಾರ ಹುಡುಗ ಬಾಗಿ ನೋಡಿ, "ಟೈಮ್ ಮುಗಿದಿದೆ ಸರ್" ಎಂದು ಚೀಟಿಯಲ್ಲಿ ನಮ್ಮ ಹೆಸರಿನ ಮುಂದೆ ಒಂದು ಅಂಕ ಬರೆದನು. ಎರಡನೆಯ ಸಲವೂ ತಾರೀಖು ದಾಟಿದ್ದರಿಂದಲೇ ನಾವು ಗೆದ್ದೆವು.

ತಮ್ಮನು ಚೀಟಿಗೆ ಸಹಿ ಮಾಡಿದನು. ಮತ್ತೆ ಕೈ ಚಾಚಿದನು. ಎದ್ದು ಹೋಗುವನೆಂದು ನಾವು ತಲೆತಗ್ಗಿಸಿದ್ದೆವು.

"ಅಣ್ಣಾ, ಒಂಟಿ ಮನಿ ನೋಡಿದಿ?" ಎಂದನು.

"ನೋಡಿದೆ" ಎಂದೆವು. "ಅಪ್ಪಾ ಇದ್ರ ಇನ್ನೂ ಮೊದಲೇ ಮಾಡ್ತಿದ್ರು."

"ಎರಡು ಹೆಜ್ಜಿ ಇಟ್ಟಿ ನೀ. ಅಪ್ಪಾ ಬೈತಿದ್ರು."

ನಾಲ್ಕನೆಯ ಸುತ್ತಿಗೆ ಹೆಸರು ಕೂಗಿದ್ದು ನಮಗಿಬ್ಬರಿಗೂ ಕೇಳಲಿಲ್ಲವೆಂದು ಸೋದರಳಿಯನು ಇಂದಿಗೂ ನಗುತ್ತಾನೆ. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಹಾಳೆ ಹಾಸಿ, ಮೊದಲ ನಡೆಯಿಂದ ಆ ಆಟವನ್ನು ಮತ್ತೆ ಜೋಡಿಸುತ್ತ ಕುಳಿತೆವು. ಅವನು ಆನೆಯನ್ನು ಇಡಬೇಕಾಗಿದ್ದ ಮನೆಯನ್ನು ನಾವೇ ತೋರಿಸಿದೆವು. ಮಧ್ಯಾಹ್ನ ತಂಗಿಯ ಮನೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತು ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಬಾವಿಯ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಅವನ ಬಸ್ಸು ಮೊದಲು ಬಂದಿತು. ಕಿಟಕಿಯಿಂದ, "ಹಾಸು ಅದ ಏನು ಇನ್ನೂ?" ಎಂದು ಕೇಳಿದನು. ಇದೆ ಎಂದೆವು.

ಮನೆಗೆ ಬಂದು ಪೆಟ್ಟಿಗೆ ತೆರೆದೆವು. ಹಾಸಿನ ಕೆಳಗೆ ಕಾಗದವೂ ಇತ್ತು. ಬಾವಿಯ ಹೊಲವನ್ನು ಈಗ ಉಳುವವನು ನಮ್ಮ ಮಗ. ಸಾಲ ಮಾಡಿ ಅಲ್ಲಿ ಬೋರ್ ಹಾಕಿಸಿದ್ದಾನೆ, ಎರಡು ವರ್ಷದಿಂದ ಕಬ್ಬು ಹಚ್ಚಿದ್ದಾನೆ. ಅವನ ಮುಂದೆ ಕಾಗದ ಇಟ್ಟು ನಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. "ಕಾಕಾ ಏನರ ಕೇಳ್ಯಾರೇನು?" ಎಂದನು. ಇಲ್ಲವೆಂದೆವು. ಅವನು ಎದ್ದು ಹೊಲಕ್ಕೆ ಹೋದನು.

ಮನೆಯಾಕೆ ಹಾಸನ್ನು ಒಗೆದು ಬಿಸಿಲಿಗೆ ಹಾಕಿದರು. ಮೂರು ಕಡೆ ದಾರ ಬಿಚ್ಚಿದೆ, ಹೊಲಿದುಕೊಡುವೆನೆಂದಿದ್ದಾರೆ. ಬರುವ ಸೋಮವಾರ ಅಫಜಲಪುರಕ್ಕೆ ಹೊರಡುವವರಿದ್ದೇವೆ. ಮಗ ಜೊತೆಗೆ ಬರುತ್ತಾನೋ ಇಲ್ಲವೋ ಇನ್ನೂ ಹೇಳಿಲ್ಲ.